ಕಟೌಟ್‌ಗೂ ಒಂದು ನಂಬರ್ ಇರಲಿ: ಬಿಮ್ ಮಾಡೆಲ್‌ನಲ್ಲಿ ಕೆಲಸಗಾರರ ಸುರಕ್ಷತೆ ಸೇರಿಸುವ ಸಮಗ್ರ ಮಾರ್ಗದರ್ಶಿ

ಐದನೇ ಮಹಡಿಯ ಸ್ಲ್ಯಾಬ್ ಮೇಲೆ ಒಂದು ಪ್ಲೈವುಡ್ ಹಲಗೆ ಬಿದ್ದಿತ್ತು. ಸೆಂಟ್ರಿಂಗ್ ಬಿಚ್ಚಿದ ಮೇಲೆ ಇಂಥ ಹಲಗೆಗಳು ಎಲ್ಲ ಕಡೆ ಇರುತ್ತವೆ. ಸಾಮಾನು ಜೋಡಿಸುತ್ತಿದ್ದ ಹುಡುಗ ಇದನ್ನೂ ಎತ್ತಿಕೊಂಡ. ಹಲಗೆ ಎದೆಯ ಮುಂದೆ ಇದ್ದಾಗ ಕಾಲಡಿ ಏನಿದೆ ಅಂತ ಕಾಣುವುದಿಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟ. ಹಿಂದೆ ನಿಂತಿದ್ದ ಮೇಸ್ತ್ರಿ ಅವನ ಶರ್ಟ್ ಹಿಡಿದು ಎಳೆದರು. ಆ ಹಲಗೆ ಪ್ಲಂಬಿಂಗ್ ಶಾಫ್ಟ್‌ನ ಕಟೌಟನ್ನು, ಅಂದರೆ ಪೈಪ್ ಹಾಯಲು ಸ್ಲ್ಯಾಬ್‌ನಲ್ಲಿ ಬಿಟ್ಟ ತೂತನ್ನು, ಮುಚ್ಚಿತ್ತು. ಕೆಳಗೆ ನಾಲ್ಕು ಮಹಡಿ ಖಾಲಿ.

ಆ ಕಟೌಟನ್ನು ಬಿಮ್ ಮಾಡೆಲ್‌ನಲ್ಲಿ, ಅಂದರೆ ಕಟ್ಟಡದ ಭಾಗಗಳ ಮಾಹಿತಿಯೂ ಇರುವ 3ಡಿ ಕಂಪ್ಯೂಟರ್ ಮಾದರಿಯಲ್ಲಿ, ಬರೆದದ್ದು ನಾನು. 600 ಮಿ.ಮೀ. ಅಗಲ, 900 ಮಿ.ಮೀ. ಉದ್ದ. ಅಳತೆ ಸರಿಯಿತ್ತು. ಜಾಗ ಸರಿಯಿತ್ತು. ಪೈಪ್‌ಗೂ ಬೀಮ್‌ಗೂ ಕ್ಲ್ಯಾಶ್ ಇರಲಿಲ್ಲ. ಪೈಪ್ ಬರುವ ತನಕ ಆ ತೂತು ಬಾಯಿ ತೆರೆದುಕೊಂಡೇ ಇರುತ್ತದೆ, ಅದಕ್ಕೊಂದು ಗಟ್ಟಿ ಮುಚ್ಚಳ ಬೇಕು ಅನ್ನುವುದು ಮಾತ್ರ ಮಾಡೆಲ್‌ನಲ್ಲಿ ಎಲ್ಲೂ ಇರಲಿಲ್ಲ. ಮಾಡೆಲ್‌ನಲ್ಲಿ ಇಲ್ಲದ್ದು ಬಿಒಕ್ಯೂನಲ್ಲಿ (ದರ ಕೇಳಲು ಮಾಡುವ ಕೆಲಸ, ಸಾಮಾನಿನ ಪ್ರಮಾಣದ ಪಟ್ಟಿ) ಬರಲಿಲ್ಲ. ಬಿಒಕ್ಯೂನಲ್ಲಿ ಇಲ್ಲದ್ದಕ್ಕೆ ಕಾಂಟ್ರ್ಯಾಕ್ಟರ್ ದುಡ್ಡು ಇಟ್ಟಿರಲಿಲ್ಲ. ದುಡ್ಡು ಇಲ್ಲದ ಕಡೆ ಸಿಕ್ಕಿದ ಹಲಗೆಯೇ ಮುಚ್ಚಳ ಆಯಿತು.

ಈ ಸರಪಳಿಯನ್ನು ಶುರುವಿನಲ್ಲೇ ಸರಿಮಾಡುವುದು ಹೇಗೆ ಅಂತ ಹೇಳುವುದಕ್ಕೆ ಈ ಬರಹ. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಬಿಮ್ ಮಾಡೆಲರ್, ಪ್ಲಾನಿಂಗ್ ಎಂಜಿನಿಯರ್, ಅಂದರೆ ಕಂಪ್ಯೂಟರ್ ಮುಂದೆ ಕೂತು ಕಟ್ಟಡ ಕಟ್ಟುವ ಎಲ್ಲರಿಗೂ ಇದು. ಮಾಡೆಲ್ ಬರೆಯುವ ರೆವಿಟ್ ಮತ್ತು ಮಾಡೆಲ್‌ಗಳನ್ನು ಜೋಡಿಸಿ ನೋಡುವ ನೇವಿಸ್‌ವರ್ಕ್ಸ್ ಸಾಫ್ಟ್‌ವೇರ್‌ಗಳ ಹೆಸರು ಜಾಸ್ತಿ ಬರುತ್ತದೆ, ಯಾಕೆಂದರೆ ನಾನು ದಿನಾ ಬಳಸುವುದು ಅವನ್ನೇ. ಆರ್ಕಿಕ್ಯಾಡ್ ಅಥವಾ ಟೆಕ್ಲಾದಲ್ಲಿ ಬಟನ್‌ಗಳ ಹೆಸರು ಬೇರೆ, ಕೆಲಸ ಒಂದೇ.

ಇದು ನಮ್ಮ ಕೆಲಸವೇ?

"ಸೇಫ್ಟಿ ಅಂದರೆ ಸೈಟ್‌ನವರದ್ದು, ಡ್ರಾಯಿಂಗ್ ಮಾತ್ರ ನಮ್ಮದು." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಕಾನೂನು ಹಾಗೆ ಹೇಳುವುದಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯಡಿ ಬಂದ 1998ರ ಕೇಂದ್ರ ನಿಯಮಗಳ 6ನೇ ನಿಯಮ ಓದಿ. ಪ್ಲಾನಿಂಗ್ ಹಂತದಲ್ಲೇ ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಯೋಚಿಸುವುದು ಆರ್ಕಿಟೆಕ್ಟ್, ಪ್ರಾಜೆಕ್ಟ್ ಎಂಜಿನಿಯರ್ ಮತ್ತು ಡಿಸೈನರ್‌ಗಳ ಕರ್ತವ್ಯ ಅಂತ ಅದು ಹೇಳಿತು. ಕಟ್ಟುವಾಗಿನ ಅಪಾಯ ಮಾತ್ರವಲ್ಲ, ಮುಂದೆ ರಿಪೇರಿ, ನಿರ್ವಹಣೆ ಮಾಡುವವರ ಅಪಾಯವನ್ನೂ ಅದು ಸೇರಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ 2020ರ ಸಂಹಿತೆಯ 9ನೇ ಸೆಕ್ಷನ್‌ನಲ್ಲೂ ಡಿಸೈನ್ ಮಾಡುವವರ ಮೇಲೆ ಇದೇ ಹೊಣೆ ಇದೆ.

ಬೇರೆ ಕಡೆ ಇದು ಹಳೇ ವಿಚಾರ. ಯುರೋಪ್ ಒಕ್ಕೂಟದ 92/57 ನಿರ್ದೇಶನ ಬಂದದ್ದು 1992ರಲ್ಲಿ. ಬ್ರಿಟನ್ನಿನಲ್ಲಿ ಕಟ್ಟಡ ಕೆಲಸದ ಡಿಸೈನ್, ನಿರ್ವಹಣೆಗೆ ಸಿಡಿಎಂ ನಿಯಮಗಳು ಇವೆ, ಈಗಿರುವುದು 2015ರದ್ದು. ಅಲ್ಲಿ ಡಿಸೈನ್ ಹಂತದ ಸುರಕ್ಷತೆಗೆ ಪ್ರಿನ್ಸಿಪಲ್ ಡಿಸೈನರ್ ಅಂತ ಒಬ್ಬರು ಹೊಣೆ ಹೊರಬೇಕು. ಸುರಕ್ಷತೆಯ ಮಾಹಿತಿಯನ್ನು ಬಿಮ್ ಒಳಗೆ ಹೇಗೆ ಇಡಬೇಕು ಅನ್ನುವುದಕ್ಕೆ 2018ರಲ್ಲಿ ಅವರು ಪಾಸ್ 1192-6 ಅನ್ನುವ ದಾಖಲೆ ತಂದರು. 2025ರಲ್ಲಿ ಅದೇ ವಿಷಯಕ್ಕೆ ಐಎಸ್ಒ 19650-6 ಬಂತು. ನಾವು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ನಮ್ಮ ಸೈಟ್‌ಗೆ, ನಮ್ಮ ಕೋಡ್‌ಗಳಿಗೆ ಹೊಂದಿಸಿಕೊಂಡರೆ ಸಾಕು.

ಹೆಜ್ಜೆ 1: ನಿಯಮಗಳನ್ನು ಮೂರು ರಾಶಿ ಮಾಡಿ

ಸಾಫ್ಟ್‌ವೇರ್ ತೆರೆಯುವುದಕ್ಕೆ ಮೊದಲು ಕಾಗದ, ಪೆನ್ನು ಹಿಡಿದು ಕೂರಿ. ಜೊತೆಗೆ ಸೇಫ್ಟಿ ಆಫೀಸರ್ ಇರಲಿ, ಒಬ್ಬ ಅನುಭವಸ್ಥ ಮೇಸ್ತ್ರಿಯೂ ಇರಲಿ. ಪ್ರಾಜೆಕ್ಟ್‌ಗೆ ಅನ್ವಯಿಸುವ ಸುರಕ್ಷತಾ ನಿಯಮಗಳನ್ನು ಒಂದೊಂದಾಗಿ ಓದಿ ಮೂರು ರಾಶಿ ಮಾಡಿ.

ಮೊದಲ ರಾಶಿ, ಮಾಡೆಲ್ ಅಳೆಯಬಲ್ಲದ್ದು. ಎತ್ತರ, ಅಗಲ, ದೂರ, ಆಳ. ಸಿಪಿಡಬ್ಲ್ಯೂಡಿ (ಕೇಂದ್ರ ಲೋಕೋಪಯೋಗಿ ಇಲಾಖೆ) ಸೇಫ್ಟಿ ಕೋಡ್‌ನಲ್ಲಿ ಇಂಥವು ಬೇಕಾದಷ್ಟಿವೆ. ನೆಲದ ತೂತಿನ ಸುತ್ತ ಕನಿಷ್ಠ 90 ಸೆಂ.ಮೀ. ಎತ್ತರದ ಬೇಲಿ ಅಥವಾ ರೇಲಿಂಗ್. 3.6 ಮೀಟರ್‌ಗಿಂತ ಎತ್ತರದ ಸಾರುವೆಗೆ ಗಾರ್ಡ್ ರೇಲ್. 1.5 ಮೀಟರ್ ಅಥವಾ ಅದಕ್ಕಿಂತ ಆಳದ ಗುಂಡಿಯ ಪಕ್ಕಗಳಿಗೆ ಇಳಿಜಾರು ಅಥವಾ ಆಧಾರ. ಅಗೆದ ಮಣ್ಣು ಗುಂಡಿಯ ಅಂಚಿನಿಂದ 1.5 ಮೀಟರ್ ದೂರ, ಇಲ್ಲವೇ ಆಳದ ಅರ್ಧದಷ್ಟು ದೂರ, ಎರಡರಲ್ಲಿ ಯಾವುದು ಜಾಸ್ತಿಯೋ ಅದು. 1.2 ಮೀಟರ್ ಅಥವಾ ಅದಕ್ಕಿಂತ ಆಳದ ಟ್ರೆಂಚ್‌ಗೆ 30 ಮೀಟರ್‌ಗೆ ಒಂದಾದರೂ ಏಣಿ, ಅದು ನೆಲದಿಂದ ಕನಿಷ್ಠ 90 ಸೆಂ.ಮೀ. ಮೇಲೆ ಬಂದಿರಬೇಕು. ಇವೆಲ್ಲ ಅಂಕಿಗಳು. ಅಂಕಿ ಇದ್ದರೆ ಕಂಪ್ಯೂಟರ್ ಹುಡುಕುತ್ತದೆ.

ಎರಡನೆಯದು, ಮಾಡೆಲ್ ಅಳೆಯಲಾರದು, ಆದರೆ ನೆನಪಿಟ್ಟುಕೊಳ್ಳಬಲ್ಲದು. ಈ ಬೀಮ್ ಎತ್ತುವಾಗ ಪಕ್ಕದ ರಸ್ತೆ ಮುಚ್ಚಬೇಕು. ಈ ಹಳೇ ಶೀಟ್‌ನಲ್ಲಿ ಆಸ್ಬೆಸ್ಟಾಸ್ ಇದೆ. ಈ ಗೋಡೆ ಮೇಲಿನ ಸ್ಲ್ಯಾಬ್ ಕೂರುವ ತನಕ ತಾನಾಗಿ ನಿಲ್ಲುವುದಿಲ್ಲ. ಇವನ್ನು ಆಯಾ ವಸ್ತುವಿಗೇ ಟಿಪ್ಪಣಿಯಾಗಿ ಅಂಟಿಸಬಹುದು.

ಮೂರನೆಯದು ಮಾಡೆಲ್‌ಗೆ ಸಂಬಂಧವೇ ಇಲ್ಲದ್ದು. ಹೆಲ್ಮೆಟ್ ಹಾಕಿದ್ದಾರಾ, ಸ್ಲ್ಯಾಬ್ ಒದ್ದೆಯಾಗಿದೆಯಾ, ನಿನ್ನೆ ರಾತ್ರಿ ಪಾಳಿ ಮಾಡಿದವರೇ ಇವತ್ತು ಬೆಳಿಗ್ಗೆಯೂ ನಿಂತಿದ್ದಾರಾ. ಇದನ್ನು ಮಾಡೆಲ್‌ಗೆ ತುರುಕಲು ಹೋಗಬೇಡಿ. ಅದು ಸೈಟ್‌ನಲ್ಲಿ ಕಣ್ಣಿಟ್ಟು ನೋಡುವವರ ಕೆಲಸ.

ಈ ರಾಶಿ ಮಾಡದೆ ಶುರು ಮಾಡಿದ ಕಡೆ ಆಗುವುದು ಒಂದೇ. ಇನ್ನೂರು ಪ್ಯಾರಾಮೀಟರ್ (ವಸ್ತುವಿನ ಮಾಹಿತಿ ತುಂಬುವ ಕಾಲಂ) ಸೇರಿಸುತ್ತಾರೆ, ಯಾರೂ ತುಂಬುವುದಿಲ್ಲ. ನನ್ನ ಸಲಹೆ: ಮೊದಲ ಪ್ರಾಜೆಕ್ಟ್‌ಗೆ ಕಟೌಟ್, ಸ್ಲ್ಯಾಬ್ ಅಂಚು, ಲಿಫ್ಟ್ ಗುಂಡಿ, ಟೆರೇಸ್ ಈ ನಾಲ್ಕೇ ಸಾಕು. ಮನುಷ್ಯ ಬೀಳುವ ಜಾಗಗಳು ಇವೇ.

ಹೆಜ್ಜೆ 2: ತೂತು ಬರೆಯುವ ರೀತಿ ಬದಲಿಸಿ

ಈ ಬರಹದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ.

ರೆವಿಟ್‌ನಲ್ಲಿ ಸ್ಲ್ಯಾಬ್‌ಗೆ ತೂತು ಮಾಡಲು ಸುಲಭದ ದಾರಿ ಯಾವುದು? ಫ್ಲೋರ್‌ನ ಸ್ಕೆಚ್ ತೆರೆದು ಒಳಗೆ ಒಂದು ಚೌಕ ಎಳೆಯುವುದು. ಎಲ್ಲರೂ ಹಾಗೇ ಮಾಡುತ್ತಾರೆ. ತೂತೇನೋ ಬೀಳುತ್ತದೆ. ಆದರೆ ಹಾಗೆ ಮಾಡಿದ ತೂತು ಒಂದು ವಸ್ತುವೇ ಅಲ್ಲ, ಫ್ಲೋರ್‌ನ ಅಂಚಿನ ಒಂದು ಗೆರೆ ಅಷ್ಟೇ. ಅದಕ್ಕೆ ಐಡಿ ಇಲ್ಲ, ಮಾಡೆಲ್‌ನಿಂದ ತೆಗೆಯುವ ಪಟ್ಟಿಯಾದ ಷೆಡ್ಯೂಲ್‌ನಲ್ಲಿ ಸಾಲಾಗಿ ಬರುವುದಿಲ್ಲ, ಅದಕ್ಕೆ ಏನನ್ನೂ ಅಂಟಿಸಲು ಆಗುವುದಿಲ್ಲ. ಎಣಿಸಲಾಗದ ತೂತನ್ನು ಮುಚ್ಚಿಸುವುದು ಹೇಗೆ?

ಬದಲಿಗೆ ಕಟೌಟ್‌ಗೆಂದೇ ಒಂದು ಫ್ಯಾಮಿಲಿ, ಅಂದರೆ ಮತ್ತೆ ಮತ್ತೆ ಬಳಸಬಹುದಾದ ವಸ್ತು, ಮಾಡಿ. ಫ್ಲೋರ್ ಅಥವಾ ಫೇಸ್ (ಮೇಲ್ಮೈ) ಮೇಲೆ ಕೂರುವಂಥದ್ದು, ಜೆನೆರಿಕ್ ಮಾಡೆಲ್ ವರ್ಗದಲ್ಲಿ. ಅದರೊಳಗೆ ಸ್ಲ್ಯಾಬನ್ನು ಕತ್ತರಿಸುವ ಒಂದು ವಾಯ್ಡ್ (ಖಾಲಿ ಆಕಾರ). ಉದ್ದ, ಅಗಲ ಬದಲಿಸಬಹುದಾದ ಪ್ಯಾರಾಮೀಟರ್‌ಗಳು. ಅದರ ಮೇಲೇ ಒಂದು ತೆಳು ಚಪ್ಪಡಿ, ಅದು ಮುಚ್ಚಳ. ತೂತಿಗಿಂತ ಎಲ್ಲ ಕಡೆ ಸ್ವಲ್ಪ ದೊಡ್ಡದು. ಮುಚ್ಚಳಕ್ಕೆ ಬೇರೆ ಸಬ್‌ಕೆಟಗರಿ ಕೊಟ್ಟರೆ ಆರ್ಕಿಟೆಕ್ಟ್‌ನ ಪ್ರಿಂಟ್‌ನಲ್ಲಿ ಅದನ್ನು ಆಫ್ ಮಾಡಬಹುದು, ಸೈಟ್‌ನ ಪ್ರಿಂಟ್‌ನಲ್ಲಿ ಆನ್ ಮಾಡಬಹುದು. ಸುತ್ತ ರೇಲಿಂಗ್ ಬೇಕಾದ ದೊಡ್ಡ ಕಟೌಟ್‌ಗೆ ಇನ್ನೊಂದು ಟೈಪ್.

ಈಗ ಒಂದು ಷೆಡ್ಯೂಲ್ ತೆಗೆಯಿರಿ. ಮಹಡಿವಾರು ಎಷ್ಟು ತೂತು, ಎಷ್ಟು ದೊಡ್ಡದು, ಎಷ್ಟು ಚದರ ಮೀಟರ್ ಮುಚ್ಚಳ ಬೇಕು ಅನ್ನುವುದೆಲ್ಲ ಒಂದೇ ಪಟ್ಟಿಯಲ್ಲಿ ಬರುತ್ತದೆ. ಆ ಪಟ್ಟಿಯನ್ನು ನೇರ ಬಿಒಕ್ಯೂಗೆ ಕಳಿಸಿ. ಮುಚ್ಚಳಕ್ಕೆ ಟೆಂಡರ್‌ನಲ್ಲೇ ದರ ಬಂದರೆ ಅದು ಸೈಟ್‌ಗೆ ಬಂದೇ ಬರುತ್ತದೆ.

ಮುಚ್ಚಳ ಹೇಗಿರಬೇಕು ಅನ್ನುವುದಕ್ಕೆ ನೆಲದ ತೂತುಗಳ ಬಗ್ಗೆಯೇ ಇರುವ ಭಾರತೀಯ ಮಾನಕ ಐಎಸ್ 4912:1978 ನೋಡಿ. ಅಮೆರಿಕದ ಕೆಲಸಗಾರರ ಸುರಕ್ಷತಾ ಸಂಸ್ಥೆ ಓಶಾದ ನಿಯಮದಲ್ಲೂ ಕಲಿಯುವುದಿದೆ. ಮುಚ್ಚಳದ ಮೇಲೆ ಬರಬಹುದಾದ ಜನ, ಸಾಮಾನು, ಯಂತ್ರದ ತೂಕದ ಎರಡರಷ್ಟನ್ನು ಅದು ಹೊರಬೇಕು. ಜರುಗದಂತೆ ಬಿಗಿದಿರಬೇಕು. ಅದು ಮುಚ್ಚಳ ಅಂತ ಬಣ್ಣದಿಂದಲೋ ಅಕ್ಷರದಿಂದಲೋ ಗೊತ್ತಾಗಬೇಕು. ಐದನೇ ಮಹಡಿಯ ಆ ಹಲಗೆಗೆ ಈ ಮೂರರಲ್ಲಿ ಒಂದೂ ಇರಲಿಲ್ಲ.

ಹೆಜ್ಜೆ 3: ಬೇಕಾದಷ್ಟೇ ಪ್ಯಾರಾಮೀಟರ್

ಮ್ಯಾನೇಜ್ ಟ್ಯಾಬ್‌ನಲ್ಲಿ ಶೇರ್ಡ್ ಪ್ಯಾರಾಮೀಟರ್ಸ್ ತೆರೆದು "ಸುರಕ್ಷತೆ" ಅಂತ ಒಂದು ಗ್ರೂಪ್ ಮಾಡಿ. ಫೈಲನ್ನು ಸರ್ವರ್‌ನಲ್ಲಿ ಇಡಿ. ಒಬ್ಬೊಬ್ಬರೂ ತಮ್ಮ ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ಮಾಡಿಕೊಂಡರೆ ಹೆಸರು ಒಂದೇ ಇದ್ದರೂ ಒಳಗಿನ ಗುರುತು ಬೇರೆ ಆಗುತ್ತದೆ, ಆಮೇಲೆ ಷೆಡ್ಯೂಲ್‌ನಲ್ಲಿ ಅರ್ಧ ಸಾಲು ಖಾಲಿ ಬರುತ್ತದೆ. ಬಳಿಕ ಪ್ರಾಜೆಕ್ಟ್ ಪ್ಯಾರಾಮೀಟರ್ಸ್‌ನಲ್ಲಿ ಅವನ್ನು ಸೇರಿಸಿ, ಬೇಕಾದ ವರ್ಗಗಳಿಗೆ ಮಾತ್ರ ಟಿಕ್ ಹಾಕಿ. ಟೈಪ್ (ಒಂದೇ ಬಗೆಯ ಎಲ್ಲದಕ್ಕೂ ಒಂದೇ) ಅಲ್ಲ, ಇನ್‌ಸ್ಟೆನ್ಸ್ (ಒಂದೊಂದಕ್ಕೂ ಬೇರೆ) ಆರಿಸಿ. ಒಂದೇ ಅಳತೆಯ ಎರಡು ಕಟೌಟ್‌ಗಳ ಅಪಾಯ ಒಂದೇ ಆಗಿರಬೇಕಿಲ್ಲ. ಒಂದು ಮೂಲೆಯಲ್ಲಿರುತ್ತದೆ, ಇನ್ನೊಂದು ಎಲ್ಲರೂ ಓಡಾಡುವ ದಾರಿಯಲ್ಲೇ ಇರುತ್ತದೆ.

ನಮ್ಮಲ್ಲಿ ಏಳಕ್ಕೆ ನಿಂತಿದೆ: ನಂಬರ್, ಯಾತಕ್ಕಾಗಿ, ರಕ್ಷಣೆಯ ಬಗೆ, ರಕ್ಷಣೆ ಶುರುವಾಗುವ ಕೆಲಸ, ರಕ್ಷಣೆ ತೆಗೆಯುವ ಕೆಲಸ, ಹೊಣೆ ಯಾರದ್ದು, ಈಗಿನ ಸ್ಥಿತಿ. ಮೊದಲು ಇಪ್ಪತ್ತೆರಡು ಇತ್ತು. ತುಂಬುವವರು ಬೇಸತ್ತು ಎಲ್ಲದಕ್ಕೂ "ಸರಿ" ಅಂತ ಹಾಕಿಬಿಡುತ್ತಿದ್ದರು. ಸುಳ್ಳು ತುಂಬಿದ ಕಾಲಂ ಖಾಲಿ ಕಾಲಂಗಿಂತ ಕೆಟ್ಟದ್ದು. ಖಾಲಿ ಇದ್ದರೆ ಯಾರಾದರೂ ಕೇಳುತ್ತಾರೆ.

ನಂಬರ್ ಕೊಡುವಾಗ ಮಹಡಿ, ಗ್ರಿಡ್, ಕ್ರಮಸಂಖ್ಯೆ ಈ ಮೂರನ್ನು ಸೇರಿಸಿ. 5-ಸಿ-03 ಅಂದರೆ ಐದನೇ ಮಹಡಿ, ಸಿ ಗ್ರಿಡ್, ಮೂರನೆಯದು. ಸೈಟ್‌ನಲ್ಲಿ ಡ್ರಾಯಿಂಗ್ ಇಲ್ಲದಿದ್ದರೂ ಆ ಜಾಗಕ್ಕೆ ಹೋಗಿ ನಿಲ್ಲಬಹುದು.

ರೇಲಿಂಗ್ ಎತ್ತರದಂಥ ಅಂಕಿಗಳನ್ನು ಒಂದೊಂದು ಕಡೆ ಟೈಪ್ ಮಾಡಬೇಡಿ. ಗ್ಲೋಬಲ್ ಪ್ಯಾರಾಮೀಟರ್‌ನಲ್ಲಿ ಇಟ್ಟು ಅದಕ್ಕೆ ಜೋಡಿಸಿ. ಸಿಪಿಡಬ್ಲ್ಯೂಡಿ ಪ್ರಕಾರ 90 ಸೆಂ.ಮೀ. ಸಾಕು, ಓಶಾ ಪ್ರಕಾರ ಸುಮಾರು 107 ಸೆಂ.ಮೀ. ಬೇಕು. ಹೊರದೇಶದ ಕ್ಲೈಂಟ್ ಎತ್ತರ ಜಾಸ್ತಿ ಕೇಳಿದಾಗ ಒಂದೇ ಕಡೆ ಬದಲಿಸಿದರೆ ಕಟ್ಟಡವೆಲ್ಲ ಬದಲಾಗುತ್ತದೆ.

ಹೆಜ್ಜೆ 4: ದಿನಾಂಕ ಸೇರಿಸಿ, ಬರಿದಾದ ದಿನ ಹುಡುಕಿ

ಕಟ್ಟಡ ಮುಗಿದ ಮೇಲೆ ಲಿಫ್ಟ್ ಗುಂಡಿಗೆ ಬಾಗಿಲಿರುತ್ತದೆ, ಮೆಟ್ಟಿಲಿಗೆ ಹ್ಯಾಂಡ್‌ರೇಲ್ ಇರುತ್ತದೆ, ಬಾಲ್ಕನಿಗೆ ರೇಲಿಂಗ್ ಇರುತ್ತದೆ. ನಾವು ಮಾಡೆಲ್‌ನಲ್ಲಿ ಬರೆಯುವುದು ಆ ಮುಗಿದ ಕಟ್ಟಡವನ್ನು. ಕೆಲಸಗಾರ ಓಡಾಡುವುದು ಮಾತ್ರ ಅರ್ಧ ಕಟ್ಟಿದ ಕಟ್ಟಡದಲ್ಲಿ. ಮಾಡೆಲ್ ನೋಡಿದರೆ ಎಲ್ಲ ಸುರಕ್ಷಿತವಾಗಿ ಕಾಣುವುದು ಇದಕ್ಕೇ.

ಹಾಗಾಗಿ ತಾತ್ಕಾಲಿಕ ವಸ್ತುಗಳನ್ನೂ ಮಾಡೆಲ್‌ನಲ್ಲಿ ಬರೆಯಬೇಕು. ತಾತ್ಕಾಲಿಕ ರೇಲಿಂಗ್, ಮುಚ್ಚಳ, ಸೇಫ್ಟಿ ನೆಟ್, ಸಾರುವೆ, ಲಿಫ್ಟ್ ಗುಂಡಿಯ ಬಾಯಿಗೆ ಗೇಟ್. ರೆವಿಟ್‌ನಲ್ಲಿ ಒಂದು ವಸ್ತುವನ್ನು ಒಂದು ಫೇಸ್‌ನಲ್ಲಿ (ಕೆಲಸದ ಹಂತ) ಹುಟ್ಟಿಸಿ ಅದೇ ಫೇಸ್‌ನಲ್ಲಿ ಡೆಮಾಲಿಷ್ ಮಾಡಿದರೆ ಅದನ್ನು ಟೆಂಪರರಿ ಅಂತ ಗುರುತಿಸುತ್ತದೆ. ಫೇಸಿಂಗ್ ಕಿಟಕಿಯ ಗ್ರಾಫಿಕ್ ಓವರ್‌ರೈಡ್ಸ್‌ನಲ್ಲಿ ಆ ಗುಂಪಿಗೆ ಎದ್ದುಕಾಣುವ ಹಳದಿ ಬಣ್ಣ ಕೊಟ್ಟು, ಫೇಸ್ ಫಿಲ್ಟರ್‌ನಲ್ಲಿ ಅದನ್ನು ಓವರ್‌ರಿಡನ್ ಅಂತ ಇಡಿ. ನೇವಿಸ್‌ವರ್ಕ್ಸ್ ಟೈಮ್‌ಲೈನರ್‌ನಲ್ಲೂ ಟಾಸ್ಕ್‌ಗೆ ಕನ್‌ಸ್ಟ್ರಕ್ಟ್, ಡೆಮಾಲಿಷ್, ಟೆಂಪರರಿ ಅಂತ ಬಗೆಗಳಿವೆ. ಟೆಂಪರರಿ ಕೊಟ್ಟ ವಸ್ತು ಟಾಸ್ಕ್ ಶುರುವಾದಾಗ ಕಾಣಿಸಿ, ಮುಗಿದಾಗ ಮಾಯವಾಗುತ್ತದೆ. ಪ್ಲಾನಿಂಗ್ ಎಂಜಿನಿಯರ್ ಮಾಡಿದ ಬಾರ್ ಚಾರ್ಟನ್ನು ಇದಕ್ಕೆ ಜೋಡಿಸಿ.

ಈಗ ನಿಜವಾದ ಕೆಲಸ. ಪ್ರತಿ ಅಪಾಯದ ಜಾಗಕ್ಕೂ ನಾಲ್ಕು ದಿನಾಂಕ ಕೇಳಿ. ಅಪಾಯ ಹುಟ್ಟುವುದು ಯಾವಾಗ? ತಾತ್ಕಾಲಿಕ ರಕ್ಷಣೆ ಬರುವುದು ಯಾವಾಗ? ಅದು ಹೋಗುವುದು ಯಾವಾಗ? ಕಾಯಂ ರಕ್ಷಣೆ ಬರುವುದು ಯಾವಾಗ? ಒಂದನೆಯದಕ್ಕೂ ಎರಡನೆಯದಕ್ಕೂ ನಡುವೆ ದಿನಗಳಿದ್ದರೆ ಅವು ಬರಿದಾದ ದಿನಗಳು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಇದ್ದರೂ ಹಾಗೇ.

ಲಿಫ್ಟ್ ಗುಂಡಿ ತೆಗೆದುಕೊಳ್ಳಿ. ಗೋಡೆ ಎದ್ದ ದಿನವೇ ಬಾಯಿ ತೆರೆಯುತ್ತದೆ. ಗೇಟ್ ಹಾಕಿದರು, ಸರಿ. ತಿಂಗಳುಗಳಾದ ಮೇಲೆ ಲಿಫ್ಟ್ ಕಂಪನಿಯವರು ರೇಲ್ ಕೂರಿಸಲು ಬರುತ್ತಾರೆ. ಗೇಟ್ ಅಡ್ಡ ಬರುತ್ತದೆ ಅಂತ ಅವರು ತೆಗೆಸುತ್ತಾರೆ. ಬಾಗಿಲು ಕೂರುವುದು ಇನ್ನೂ ಎಷ್ಟೋ ವಾರದ ಮೇಲೆ. ಈ ನಡುವೆ ಅದೇ ಮಹಡಿಯಲ್ಲಿ ಪ್ಲಾಸ್ಟರ್‌ನವರು, ಟೈಲ್ಸ್‌ನವರು, ಪೇಂಟರ್‌ಗಳು ಓಡಾಡುತ್ತಿರುತ್ತಾರೆ. ಅವರಿಗೆ ಗೇಟ್ ತೆಗೆದದ್ದು ಗೊತ್ತಿಲ್ಲ. ಲೈಟ್ ಕಮ್ಮಿ ಇರುತ್ತದೆ. ನಾಲ್ಕು ದಿನಾಂಕ ಬರೆದ ತಕ್ಷಣ ಈ ಅಂತರ ಎಕ್ಸೆಲ್‌ನಲ್ಲೇ ಕಣ್ಣಿಗೆ ಹೊಡೆಯುತ್ತದೆ. ಷೆಡ್ಯೂಲನ್ನು ಟೆಕ್ಸ್ಟ್ ಫೈಲ್ ಆಗಿ ತೆಗೆದು, ಎಕ್ಸೆಲ್‌ನಲ್ಲಿ ಒಂದು ಕಳೆಯುವ ಲೆಕ್ಕ ಹಾಕಿ. ಉತ್ತರ ಸೊನ್ನೆಗಿಂತ ಜಾಸ್ತಿ ಬಂದ ಸಾಲಿಗೆ ಕೆಂಪು ಬಣ್ಣ. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ.

ಪರಿಹಾರವೂ ಅಲ್ಲೇ ಕಾಣುತ್ತದೆ. ರೇಲ್ ಕೂರಿಸುವಾಗಲೂ ಇರಬಲ್ಲ, ಬೀಗ ಹಾಕಬಹುದಾದ ಗೇಟ್ ಮೊದಲೇ ಮಾಡೆಲ್‌ನಲ್ಲಿ ಬರೆದು, ಲಿಫ್ಟ್ ಕಂಪನಿಗೆ ಅದರ ಅಳತೆ ಕಳಿಸಿ ಒಪ್ಪಿಗೆ ಪಡೆದರೆ ಅವರು ಬಂದ ದಿನ ಗೇಟ್ ತೆಗೆಸುವ ಮಾತೇ ಬರುವುದಿಲ್ಲ.

ಹೆಜ್ಜೆ 5: ಮಾಹಿತಿ ಹೊರಗೆ ಹೋಗಲಿ

ನಿಮ್ಮ ರೆವಿಟ್ ಫೈಲ್ ಎಲ್ಲರೂ ತೆರೆಯಲಾರರು. ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಐಎಫ್‌ಸಿ ಫೈಲ್ ಆಗಿ ಕಳಿಸಿ. ಆದರೆ ನೀವು ಸೇರಿಸಿದ ಪ್ಯಾರಾಮೀಟರ್‌ಗಳು ತಾವಾಗಿ ಅಚ್ಚುಕಟ್ಟಾಗಿ ಹೋಗುವುದಿಲ್ಲ. ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಯೂಸರ್ ಡಿಫೈನ್ಡ್ ಪ್ರಾಪರ್ಟಿ ಸೆಟ್ ಅನ್ನುವ ಆಯ್ಕೆ ಇದೆ. ಅದಕ್ಕೆ ಒಂದು ಸಣ್ಣ ಟೆಕ್ಸ್ಟ್ ಫೈಲ್ ಕೊಡಬೇಕು, ಯಾವ ಪ್ಯಾರಾಮೀಟರ್ ಯಾವ ಹೆಸರಲ್ಲಿ ಹೋಗಬೇಕು ಅಂತ. ಅದರಲ್ಲಿ ಪದಗಳ ನಡುವೆ ಟ್ಯಾಬ್ ಇರಬೇಕು, ಸ್ಪೇಸ್ ಅಲ್ಲ. ಈ ಒಂದು ತಪ್ಪಿನಿಂದ ನಾನು ಅರ್ಧ ದಿನ ಕಳೆದಿದ್ದೇನೆ. ಐಎಫ್‌ಸಿಯಲ್ಲಿ ಅಪಾಯದ ಮಾಹಿತಿಗೆಂದೇ ಪಿಸೆಟ್ ರಿಸ್ಕ್ ಅನ್ನುವ ಸಿದ್ಧ ಗುಂಪೂ ಇದೆ. ಹೊಸ ಹೆಸರು ಹುಟ್ಟಿಸುವ ಮೊದಲು ಅದರಲ್ಲಿ ಏನೇನಿದೆ ನೋಡಿ.

ಹೆಜ್ಜೆ 6: ತಪಾಸಣೆಯನ್ನು ಎರಡು ಭಾಗ ಮಾಡಿ

ಮೊದಲು, ಮಾಹಿತಿ ಇದೆಯಾ? ಇದಕ್ಕೆ ಐಡಿಎಸ್ ಅನ್ನುವ ಮಾದರಿ ಇದೆ, ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆಯದ್ದು, 2024ರಲ್ಲಿ ಅದರ 1.0 ಆವೃತ್ತಿ ಬಂತು. "ಪ್ರತಿ ಕಟೌಟ್‌ಗೂ ರಕ್ಷಣೆಯ ಬಗೆ ತುಂಬಿರಬೇಕು, ಅದು ಪಟ್ಟಿಯಲ್ಲಿ ಕೊಟ್ಟ ಪದಗಳಲ್ಲಿ ಒಂದಾಗಿರಬೇಕು" ಅಂತ ಬರೆದಿಟ್ಟರೆ ಕಂಪ್ಯೂಟರ್ ಎಲ್ಲ ಮಹಡಿ ಹುಡುಕಿ ತಪ್ಪಿದವನ್ನು ತೋರಿಸುತ್ತದೆ. ಈ ತಪಾಸಣೆ ಮಾಡಬಲ್ಲ ಐಎಫ್‌ಸಿ ಓಪನ್‌ಶೆಲ್ ಮತ್ತು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಒಳಗೆ ಓಡುವ ಬೋನ್ಸಾಯ್ ಉಚಿತ. ಸಣ್ಣ ಆಫೀಸ್‌ಗೆ ಲೈಸೆನ್ಸ್ ಖರ್ಚಿಲ್ಲದೆ ಇಷ್ಟು ಮಾಡಬಹುದು.

ಆದರೆ ಐಡಿಎಸ್ ಅಳತೆಪಟ್ಟಿ ಹಿಡಿದು ನೋಡುವುದಿಲ್ಲ. ಅಂಚಿನ ಹತ್ತಿರ ರೇಲಿಂಗ್ ನಿಜಕ್ಕೂ ನಿಂತಿದೆಯಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆ ಎರಡನೇ ತಪಾಸಣೆ: ಜ್ಯಾಮಿತಿ. ಮಾಡೆಲ್ ತಪಾಸಿಸುವ ಸಾಫ್ಟ್‌ವೇರ್ ಸೊಲಿಬ್ರಿಯಲ್ಲಿ ದೂರ, ಎತ್ತರ, ಓಡಾಟದ ಜಾಗ ಅಳೆಯುವ ಸಿದ್ಧ ನಿಯಮಗಳಿವೆ. ನೇವಿಸ್‌ವರ್ಕ್ಸ್‌ನ ಕ್ಲ್ಯಾಶ್ ಪರೀಕ್ಷೆಯಲ್ಲಿ ಕ್ಲಿಯರೆನ್ಸ್ ಅನ್ನುವ ಬಗೆ ಇದೆ. ಎರಡು ವಸ್ತು ತಾಗದಿದ್ದರೂ ಹೇಳಿದ ದೂರಕ್ಕಿಂತ ಹತ್ತಿರ ಬಂದರೆ ಅದು ತೋರಿಸುತ್ತದೆ. ಅಗೆದ ಮಣ್ಣಿನ ರಾಶಿಯನ್ನು ಒಂದು ಘನವಾಗಿ ಬರೆದು, ಗುಂಡಿಯ ಅಂಚಿಗೆ 1.5 ಮೀಟರ್ ಕ್ಲಿಯರೆನ್ಸ್ ಕೊಟ್ಟು ಓಡಿಸಿ. ಗುಂಡಿ 3 ಮೀಟರ್‌ಗಿಂತ ಆಳವಿದ್ದರೆ ಆಳದ ಅರ್ಧ ಕೊಡಿ. ಇಕ್ಕಟ್ಟಾದ ನಗರದ ಸೈಟ್‌ಗಳಲ್ಲಿ ಮಣ್ಣು ಹಾಕಲು ಜಾಗವೇ ಇಲ್ಲ ಅನ್ನುವುದು ಮೊದಲ ಸಲಕ್ಕೇ ಗೊತ್ತಾಗುತ್ತದೆ. ಹಾಗಿದ್ದರೆ ಅಗೆದ ಹಾಗೇ ಲಾರಿಗೆ ತುಂಬಿ ಸಾಗಿಸುವ ದರವನ್ನು ಟೆಂಡರ್‌ನಲ್ಲೇ ಸೇರಿಸಬೇಕು.

ವರದಿ ಪೂರ್ತಿ ಹಸಿರು ಬಂತು ಅಂತ ಸೈಟ್ ಸುರಕ್ಷಿತ ಆಗುವುದಿಲ್ಲ. ನೀವು ಕೇಳಿದ ಪ್ರಶ್ನೆಗಳಿಗೆ ಮಾತ್ರ ಅದು ಉತ್ತರ. ಕೇಳದೆ ಬಿಟ್ಟದ್ದನ್ನು ಹುಡುಕಲು ತಿಂಗಳಿಗೊಮ್ಮೆಯಾದರೂ ಸೈಟ್‌ನವರ ಜೊತೆ ಕೂತು ಮಾಡೆಲ್ ಒಳಗೆ ಮಹಡಿ ಮಹಡಿ ನಡೆದು ನೋಡಿ.

ಹೆಜ್ಜೆ 7: ಅಪಾಯ ಕಂಡರೆ ಮೊದಲು ತೆಗೆದುಹಾಕಲು ನೋಡಿ

ತಪಾಸಣೆಯಲ್ಲಿ ಸಿಕ್ಕಿದ ಪ್ರತಿಯೊಂದನ್ನೂ ಬಿಸಿಎಫ್ (ಮಾಡೆಲ್‌ನಲ್ಲಿ ಕಂಡ ಸಮಸ್ಯೆ ಕಳಿಸುವ ಫೈಲ್) ಆಗಿ ಕಳಿಸಿ. ಚಿತ್ರ, ಜಾಗ, ಯಾರು ಉತ್ತರ ಕೊಡಬೇಕು ಎಲ್ಲ ಅದರಲ್ಲೇ ಹೋಗುತ್ತದೆ. ಉತ್ತರವಾಗಿ "ಬೆಲ್ಟ್ ಹಾಕಿಸಿ" ಅಂತ ಬಂದರೆ ಒಪ್ಪಬೇಡಿ. ಸೇಫ್ಟಿ ಬೆಲ್ಟ್ ಕೊನೆಯ ದಾರಿ. ಮೊದಲ ದಾರಿ ಅಪಾಯವನ್ನೇ ಇಲ್ಲವಾಗಿಸುವುದು, ಅದು ಡಿಸೈನ್ ಮಾಡುವವರ ಕೈಯಲ್ಲಿ ಮಾತ್ರ ಇದೆ.

ನಮ್ಮ ಶಾಫ್ಟ್ ಕಟೌಟ್‌ಗೆ ಕೊನೆಗೆ ಸಿಕ್ಕ ಉತ್ತರ ಹೇಳುತ್ತೇನೆ. ಸ್ಲ್ಯಾಬ್‌ನ ಕಂಬಿಯನ್ನು ಕಟೌಟ್‌ನಲ್ಲಿ ಕತ್ತರಿಸದೆ ಹಾಗೇ ಅಡ್ಡ ಹಾಯಿಸುವುದು. ಕಾಂಕ್ರೀಟ್ ಮಾತ್ರ ಇರುವುದಿಲ್ಲ, ಕಂಬಿಯ ಜಾಲರಿ ಇರುತ್ತದೆ. ಪೈಪ್ ಬಂದಾಗ ಬೇಕಾದ ಕಂಬಿಯಷ್ಟನ್ನೇ ಕತ್ತರಿಸಿದರೆ ಆಯಿತು. ಕಟೌಟ್ ಸುತ್ತ ಹಾಕಬೇಕಾದ ಹೆಚ್ಚುವರಿ ಕಂಬಿ ಲೆಕ್ಕ ಹಾಕಿ, ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ ಮೇಲೇ ಇದನ್ನು ಮಾಡಬೇಕು. ಜಾಲರಿ ಇದ್ದರೂ ಸಾಮಾನು ಬೀಳದಂತೆ ಮೇಲೆ ಮುಚ್ಚಳ ಬೇಕು. ಆದರೆ ಮುಚ್ಚಳ ಯಾರೋ ತೆಗೆದ ದಿನವೂ ಮನುಷ್ಯ ಕೆಳಗೆ ಹೋಗುವುದಿಲ್ಲ.

ಇನ್ನೊಂದು: ಟೆರೇಸ್‌ನ ಪ್ಯಾರಪೆಟ್ ಗೋಡೆಯನ್ನು ಸ್ಲ್ಯಾಬ್ ಆದ ಕೂಡಲೇ ಕಟ್ಟುವಂತೆ ಕ್ರಮ ಬದಲಿಸಿದರೆ ವಾಟರ್‌ಪ್ರೂಫಿಂಗ್, ಸೋಲಾರ್, ಟ್ಯಾಂಕ್ ಕೆಲಸದವರಿಗೆಲ್ಲ ಅದೇ ರಕ್ಷಣೆ. ಖರ್ಚು ಒಂದು ರೂಪಾಯಿ ಜಾಸ್ತಿ ಇಲ್ಲ. ಬಾರ್ ಚಾರ್ಟ್‌ನಲ್ಲಿ ಒಂದು ಸಾಲು ಮೇಲೆ ಹೋಗುತ್ತದೆ ಅಷ್ಟೇ.

ಬೆಲ್ಟ್ ಹಾಕಲೇಬೇಕಾದ ಕಡೆ, ಅದನ್ನು ಸಿಕ್ಕಿಸುವುದು ಎಲ್ಲಿಗೆ ಅನ್ನುವುದನ್ನೂ ನೀವೇ ಬರೆಯಬೇಕು. ಓಶಾ ಪ್ರಕಾರ ಆ್ಯಂಕರ್ ಒಬ್ಬೊಬ್ಬರಿಗೆ 5,000 ಪೌಂಡ್, ಅಂದರೆ ಸುಮಾರು 22 ಕಿಲೋನ್ಯೂಟನ್ ತಡೆಯಬೇಕು. ಸುಮ್ನೆ ಕಂಡ ಪೈಪ್‌ಗೆ ಸಿಕ್ಕಿಸಿದರೆ ಅದು ತಡೆಯುವುದಿಲ್ಲ. ಕಾಂಕ್ರೀಟ್ ಹಾಕುವ ಮೊದಲೇ ಆ್ಯಂಕರ್ ಜಾಗ ಮಾಡೆಲ್‌ನಲ್ಲಿ ಇರಬೇಕು.

ಹೆಜ್ಜೆ 8: ಹತ್ತು ವರ್ಷದ ಮೇಲೆ ರಿಪೇರಿಗೆ ಬರುವವರು

ನಿಮ್ಮ ಬೀದಿಯ ಅಪಾರ್ಟ್‌ಮೆಂಟ್ ಒಮ್ಮೆ ತಲೆ ಎತ್ತಿ ನೋಡಿ. ಎಸಿಯ ಹೊರಗಿನ ಯೂನಿಟ್ ಎಲ್ಲಿದೆ? ಕಿಟಕಿಯ ಹೊರಗೆ, ಸಜ್ಜಾದ ಮೇಲೆ, ಇಲ್ಲವೇ ಗೋಡೆಗೆ ಹೊಡೆದ ಎರಡು ಬ್ರ್ಯಾಕೆಟ್ ಮೇಲೆ. ಬೇಸಿಗೆ ಬಂದರೆ ಸರ್ವಿಸ್‌ಗೆ ಬರುವ ಹುಡುಗ ಕಿಟಕಿ ದಾಟಿ, ಆ ಸಜ್ಜಾದ ಮೇಲೆ ನಿಲ್ಲುತ್ತಾನೆ. ಒಂದು ಕೈ ಕಿಟಕಿಗೆ, ಇನ್ನೊಂದು ಕೈಯಲ್ಲಿ ಸ್ಪ್ಯಾನರ್. ಅವನು ನಿಲ್ಲಬೇಕಾದ ಜಾಗವನ್ನು ಡಿಸೈನ್ ಮಾಡುವವರು ಯಾರೂ ಬರೆಯಲಿಲ್ಲ.

ಇದನ್ನು ತಪ್ಪಿಸಲು ಯಂತ್ರದ ಫ್ಯಾಮಿಲಿಯೊಳಗೇ ಒಂದು ಪಾರದರ್ಶಕ ಡಬ್ಬಿ ಬರೆಯಿರಿ. ಸರ್ವಿಸ್ ಮಾಡುವವರು ನಿಲ್ಲಲು, ಬಗ್ಗಲು, ಮುಚ್ಚಳ ತೆರೆಯಲು ಬೇಕಾದ ಜಾಗ ಅದು. ತಯಾರಕರ ಕ್ಯಾಟಲಾಗ್‌ನಲ್ಲಿ ಅಳತೆ ಇರುತ್ತದೆ. ಆ ಡಬ್ಬಿಯ ತಳದಲ್ಲಿ ಸ್ಲ್ಯಾಬ್ ಇದೆಯಾ, ಅಲ್ಲಿಗೆ ಬಾಗಿಲಿನಿಂದ ನಡೆದು ಹೋಗಬಹುದಾ, ಅಂಚಿಗೆ ರೇಲಿಂಗ್ ಇದೆಯಾ ಅಂತ ತಪಾಸಿಸಿ. ಇಲ್ಲ ಅಂತ ಬಂದರೆ ಯೂನಿಟ್ಟನ್ನು ಯುಟಿಲಿಟಿ ಬಾಲ್ಕನಿಗೆ ತನ್ನಿ.

ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಟ್ಯಾಂಕ್‌ಗೆ ಇನ್ನೂ ಜಾಸ್ತಿ ಗಮನ ಬೇಕು. ವಿಷಗಾಳಿ ತುಂಬಿದ ಟ್ಯಾಂಕ್‌ಗೆ ಇಳಿದವರನ್ನು ಎತ್ತಲು ಹೋದವರೂ ಸಾಯುತ್ತಾರೆ. ಚರಂಡಿ, ಸೆಪ್ಟಿಕ್ ಟ್ಯಾಂಕ್‌ಗಳ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಪಂಪ್ ಕೆಟ್ಟರೆ ಯಾರಾದರೂ ಇಳಿಯಲೇಬೇಕು ಅನ್ನುವಂತೆ ಟ್ಯಾಂಕ್ ಬರೆದರೆ ಒಂದು ದಿನ ಯಾರಾದರೂ ಇಳಿದೇ ಇಳಿಯುತ್ತಾರೆ. ಗೈಡ್ ರೇಲ್ ಮತ್ತು ಸರಪಳಿಯಿಂದ ಮೇಲಿನಿಂದಲೇ ಎತ್ತಬಹುದಾದ ಪಂಪ್ ಆರಿಸಿ. ಎತ್ತುವ ಕೊಕ್ಕೆ ನೇರ ಮೇಲೆ ಇರಲಿ. ಮ್ಯಾನ್‌ಹೋಲ್ ಪಂಪ್‌ನ ಅಳತೆಗಿಂತ ದೊಡ್ಡದಿರಲಿ. ಮಾಡೆಲ್‌ನಲ್ಲಿ ಪಂಪನ್ನು ನಿಜವಾಗಿ ಮೇಲಕ್ಕೆ ಎಳೆದು ನೋಡಿ, ಬೀಮ್ ಅಡ್ಡ ಬರುತ್ತದಾ ಅಂತ.

ಶೆಡ್‌ಗಳ ಮಾಡು ಬರೆಯುವವರು ಸ್ಕೈಲೈಟ್ ಶೀಟ್‌ಗಳನ್ನು ಬೇರೆ ಟೈಪ್ ಮಾಡಿ, "ಮೇಲೆ ಕಾಲಿಡಬಾರದು" ಅಂತ ಗುರುತು ಹಾಕಿ. ಕೆಳಗೆ ಕಂಬಿ ಜಾಲರಿ, ಮೇಲೆ ನಡೆಯುವ ಹಲಗೆದಾರಿ ಎರಡನ್ನೂ ಬರೆಯಿರಿ.

ಹೆಜ್ಜೆ 9: ಸೈಟ್‌ಗೆ ತಲುಪಿಸುವುದು

ನಮ್ಮ ಸೈಟ್‌ಗಳಲ್ಲಿ ರಾಯಚೂರು, ಯಾದಗಿರಿಯವರು ಇರುತ್ತಾರೆ, ಬಿಹಾರ, ಒಡಿಶಾ, ಬಂಗಾಳದವರೂ ಇರುತ್ತಾರೆ. ಇಂಗ್ಲಿಷ್‌ನಲ್ಲಿ ಮೂವತ್ತು ಪುಟದ ವರದಿ ಅವರಿಗೆ ಏನು ಹೇಳುತ್ತದೆ? ಮಾಡೆಲ್‌ನಿಂದ ಆ ವಾರದ ಕೆಲಸದ ಒಂದು 3ಡಿ ಚಿತ್ರ ತೆಗೆಯಿರಿ. ತಾತ್ಕಾಲಿಕ ರಕ್ಷಣೆ ಹಳದಿ, ಇನ್ನೂ ತೆರೆದಿರುವ ಜಾಗ ಕೆಂಪು. ಎ3 ಹಾಳೆಯಲ್ಲಿ ಪ್ರಿಂಟ್ ಮಾಡಿ ಬೆಳಗಿನ ಟೂಲ್‌ಬಾಕ್ಸ್ ಟಾಕ್‌ನಲ್ಲಿ (ಕೆಲಸಕ್ಕೆ ಮೊದಲಿನ ಸುರಕ್ಷತೆಯ ಮಾತು) ಎತ್ತಿ ತೋರಿಸಿ, ಬಳಿಕ ಆ ಮಹಡಿಯ ಮೆಟ್ಟಿಲ ಹತ್ತಿರ ಅಂಟಿಸಿ. ಚಿತ್ರಕ್ಕೆ ಭಾಷೆ ಬೇಡ, ಅಲ್ವಾ?

ಮುಚ್ಚಳದ ಮೇಲೆ ನಂಬರ್ ಬರೆಯುವ ಉಪಾಯ ನನ್ನದಲ್ಲ, ಆವತ್ತು ಶರ್ಟ್ ಹಿಡಿದೆಳೆದ ಮೇಸ್ತ್ರಿಯದ್ದು. "ಸಾರ್, ನಿಮ್ಮ ಪಟ್ಟಿಯಲ್ಲಿರೋ ನಂಬರನ್ನೇ ಹಲಗೆ ಮೇಲೆ ಬರೆದುಬಿಡೋಣ, ಹಲಗೆ ಕಾಣದಿದ್ದರೆ ಯಾವುದು ಅಂತ ಗೊತ್ತಾಗುತ್ತೆ" ಅಂದರು. ಈಗ ಪ್ರತಿ ಮುಚ್ಚಳದ ಮೇಲೂ ಹಳದಿ ಪೇಂಟ್‌ನಲ್ಲಿ ಮಾಡೆಲ್‌ನ ಅದೇ ನಂಬರ್ ಇರುತ್ತದೆ, ನಾಲ್ಕು ಮೂಲೆಗೂ ಆ್ಯಂಕರ್ ಬೋಲ್ಟ್ ಇರುತ್ತದೆ. ಶನಿವಾರ ಮೇಸ್ತ್ರಿ ಮಹಡಿ ಸುತ್ತಿ, ಒಂದೊಂದರ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ನಾನು ಸ್ಥಿತಿ ಕಾಲಂ ತುಂಬುತ್ತೇನೆ. ಪೈಪ್ ಕೂತು, ಸುತ್ತಲಿನ ಸಂದು ತುಂಬಿಸಿ ಕಾಂಕ್ರೀಟ್ ಗಟ್ಟಿಯಾದ ಫೋಟೋ ಬಂದ ಮೇಲೆ ಮಾತ್ರ ಆ ಸಾಲು ಮುಗಿಯಿತು ಅಂತ ಗುರುತು ಹಾಕುತ್ತೇನೆ. ಫೋಟೋ ಬರದ ನಂಬರ್ ಇದ್ದರೆ ಸೋಮವಾರ ಬೆಳಿಗ್ಗೆ ಆ ಮಹಡಿಯ ಕೆಲಸ ಶುರುವಾಗುವ ಮೊದಲು ನಾವಿಬ್ಬರೂ ಅಲ್ಲಿಗೆ ಹೋಗಿ ನೋಡುತ್ತೇವೆ.